ಮುಂದಿನ ಸ್ಟೇಷನ್ ತನಕ

ಕಾಕಾರ ಎಡಗಾಲಿನ ಹಿಮ್ಮಡಿ ಬಲಗಾಲಿನದಕ್ಕಿಂತ ಕಪ್ಪಾಗಿತ್ತು. ಚರ್ಮ ದಪ್ಪಗಟ್ಟಿ ಅಲ್ಲಲ್ಲಿ ಸೀಳಿತ್ತು. ವಡೋದರಾದ ಮಂಜಲ್‌ಪುರದ ಅವರ ಮನೆಯ ಪಡಸಾಲೆಯಲ್ಲಿ ಗುಜರಾತಿನ ಎಲ್ಲ ಮನೆಗಳಲ್ಲೂ ಇರುವಂಥ ತೂಗುಮಣೆಯೊಂದಿತ್ತು. ನಿವೃತ್ತರಾದ ಮೇಲೆ ಬೆಳಗಿನ ಹೊತ್ತೆಲ್ಲ ಅವರು ಕೂರುತ್ತಿದ್ದುದು ಅಲ್ಲೇ. ಯಾರಾದರೂ ಗೇಟು ತೆರೆದರೆ ಎಡ ಹಿಮ್ಮಡಿಯನ್ನು ನೆಲಕ್ಕೆ ಊರಿ ತೂಗುಮಣೆಯನ್ನು ನಿಲ್ಲಿಸುವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಬ್ರೇಕ್ ಹಾಕುವುದು ತಲೆಗಿಂತ ಮೊದಲು ತಮ್ಮ ಕಾಲಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು.

ಡಿಸೆಂಬರಿನ ಒಂದು ಬುಧವಾರ ಬೆಳಿಗ್ಗೆ ಆರೂವರೆಗೆ ನಾನು ಎಂದಿನಂತೆ ಅವರ ಗೇಟಿನ ಮುಂದೆ ಸೈಕಲ್ ನಿಲ್ಲಿಸಿದೆ. ಅವರು ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಮಫ್ಲರು ಕಿವಿಯ ಮೇಲೆ ಬಿಗಿಯಾಗಿತ್ತು.

"ಏನಪಾ?" ಎಂದರು. ದಿನವೂ ಕೇಳುತ್ತಿದ್ದುದು ಅಷ್ಟೇ.

"ಚಲೋ ಐತ್ರಿ ಕಾಕಾ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ತಲೆ ತಗ್ಗಿಸಿ, ಕೈಯಲ್ಲಿ ಅವರೆಕಾಯಿ ಹಿಡಿದುಕೊಂಡೇ, ದಿನದ ಪ್ರಾರ್ಥನೆಯನ್ನು ಹೇಳಿದರು. "ಕರ್ತನೇ, ಇವತ್ತೊಂದು ದಿನ ಈ ಹುಡುಗನ್ನ ಹಿಡ್ಕೋ. ನಾಳಿದ್ದು ನಾಳಿ ಕೇಳ್ತೀವಿ. ಆಮೆನ್." ನಾನೂ ಆಮೆನ್ ಎಂದು ಸೈಕಲ್ ಹತ್ತಿ ಕಾರ್ಖಾನೆಗೆ ಹೋದೆ.

ನಾನು ಹೇಳಿದ್ದು ಸುಳ್ಳು. ಹಿಂದಿನ ಸಂಜೆ ಮಕರ್‌ಪುರಾ ರಸ್ತೆಯ ಸೈಬರ್ ಕೆಫೆಯೊಂದರಲ್ಲಿ, ಪರದೆ ಎಳೆದ ಗೂಡಿನೊಳಗೆ ಕೂತು, ಇನ್ನೆಂದೂ ನೋಡುವುದಿಲ್ಲ ಎಂದುಕೊಂಡಿದ್ದನ್ನು ಒಂದು ತಾಸು ನೋಡಿ ಬಂದಿದ್ದೆ. ಅದೇ ಬುಧವಾರ ಮಧ್ಯಾಹ್ನ ಕಾಕಾ ಊಟಕ್ಕೆ ಕೂತಲ್ಲೇ ಪಕ್ಕಕ್ಕೆ ಒರಗಿದರು. ದೇಹದ ಬಲಭಾಗ ಸ್ವಾಧೀನ ತಪ್ಪಿತು, ಮಾತು ಪೂರ್ತಿ ಹೋಯಿತು. ಅವರು ನನ್ನನ್ನು ಕೇಳಿದ ಕೊನೆಯ ಪ್ರಶ್ನೆ ಆ "ಏನಪಾ". ನಾನು ಕೊಟ್ಟ ಉತ್ತರ ಆ "ಚಲೋ ಐತಿ".

ಅವರು ನನಗೆ ಯಾವ ರೀತಿಯಿಂದಲೂ ಸಂಬಂಧಿಕರಲ್ಲ. ಅವರದು ಹುಬ್ಬಳ್ಳಿ, ನನ್ನದು ಹಾವೇರಿಯ ಹತ್ತಿರದ ಹಳ್ಳಿ. ನಮ್ಮ ಕಡೆ ಚಿಕ್ಕಪ್ಪನಿಗೆ ಕಾಕಾ ಅನ್ನುತ್ತೇವೆ, ಗುಜರಾತಿಗಳೂ ಹಾಗೇ ಅನ್ನುತ್ತಾರೆ. ಆದ್ದರಿಂದ ಓಣಿಯ ಎಲ್ಲರಿಗೂ ಅವರು ಗಾರ್ಡ್ ಕಾಕಾ, ಅವರ ಹೆಂಡತಿ ನನಗೆ ಕಾಕು. ನಾನು ಡಿಪ್ಲೊಮಾ ಮುಗಿಸಿ ಮಕರ್‌ಪುರಾದ ಒಂದು ವಾಲ್ವ್ ತಯಾರಿಸುವ ಕಾರ್ಖಾನೆಗೆ ತಪಾಸಣೆಯ ಕೆಲಸಕ್ಕೆ ಸೇರಿದ್ದೆ. ಮಂಜಲ್‌ಪುರದಲ್ಲಿ ಬಾಡಿಗೆ ಕೋಣೆ. ವಡೋದರಾದಲ್ಲಿ ಕನ್ನಡದ ಕ್ರೈಸ್ತ ಕುಟುಂಬಗಳು ಆರೇಳು ಇದ್ದವು. ರೈಲ್ವೆ, ಬ್ಯಾಂಕು, ವಿಮೆ ಎಂದು ವರ್ಗವಾಗಿ ಬಂದವರು. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಹಿಂದಿಯಲ್ಲೋ ಗುಜರಾತಿಯಲ್ಲೋ ಆರಾಧನೆ ಮುಗಿಸಿ, ಸಂಜೆ ಯಾರಾದರೊಬ್ಬರ ಮನೆಯಲ್ಲಿ ಕನ್ನಡದಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದೆವು.

ಆ ಕೂಟಕ್ಕೊಂದು ಪದ್ಧತಿ ಇತ್ತು. ಮೊಣಕಾಲೂರುವ ಮುಂಚೆ ಪ್ರತಿಯೊಬ್ಬರೂ ತಮ್ಮ ಪ್ರಾರ್ಥನಾ ವಿನಂತಿಯನ್ನು ಬಾಯಿಬಿಟ್ಟು ಹೇಳಬೇಕು. ಬ್ಯಾಂಕಿನ ಮ್ಯಾನೇಜರರ ಹೆಂಡತಿ, ಮೈಸೂರಿನವರು, ನಾವೆಲ್ಲ ಬ್ಯಾಂಕಿನ ಅಕ್ಕ ಎನ್ನುತ್ತಿದ್ದೆವು, ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವರು. ಮಗಳ ಪರೀಕ್ಷೆ, ಮಾವನ ಮೂತ್ರಕೋಶ, ವರ್ಗಾವಣೆ. ಹೇಳಲಾಗದ ಸಂಗತಿ ಇದ್ದರೆ "ಹೇಳಲಾಗದ ವಿನಂತಿ" ಎಂದಷ್ಟೇ ಹೇಳಬಹುದಿತ್ತು. ಯಾರೂ ಹಾಗೆ ಹೇಳುತ್ತಿರಲಿಲ್ಲ. ಒಂದು ಭಾನುವಾರ ನಾನು ಹೇಳಿದೆ.

ಹೊಲಸು ಚಿತ್ರ ನೋಡುವ ಚಾಳಿ ನನಗೆ ಹಾಸ್ಟೆಲಿನಲ್ಲಿ ಹತ್ತಿದ್ದು. ವಡೋದರಾಕ್ಕೆ ಬಂದ ಮೇಲೆ, ಗುರುತಿನವರು ಯಾರೂ ಇಲ್ಲದ ಊರಿನಲ್ಲಿ, ಅದು ನನ್ನನ್ನು ಪೂರ್ತಿ ಹಿಡಿದಿತ್ತು. ಪ್ರತಿ ಹೊಸವರ್ಷದ ಆರಾಧನೆಯಲ್ಲಿ ಇನ್ನು ಜೀವಮಾನದಲ್ಲಿ ನೋಡುವುದಿಲ್ಲ ಎಂದು ದೇವರಿಗೆ ಮಾತು ಕೊಡುತ್ತಿದ್ದೆ. ಸಂಕ್ರಾಂತಿಯ ಗಾಳಿಪಟಗಳು ಹಾರುವ ಹೊತ್ತಿಗೆ ಆ ಮಾತು ಮುರಿದಿರುತ್ತಿತ್ತು. ಕೆಫೆಯಿಂದ ಹೊರಗೆ ಬಂದು ಬೀದಿಯ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದೆ. ಯಾರ ಮುಖವನ್ನೂ ನೇರವಾಗಿ ನೋಡಲು ಆಗುತ್ತಿರಲಿಲ್ಲ, ಕೂಟದಲ್ಲಿ ಕೂತ ಹೆಣ್ಣುಮಕ್ಕಳ ಮುಖವನ್ನಂತೂ ಇಲ್ಲವೇ ಇಲ್ಲ.

ಇಪ್ಪತ್ತಾರು ವರ್ಷದ ಮದುವೆಯಾಗದ ಹುಡುಗ ಹೇಳಲಾಗದ ವಿನಂತಿ ಇದೆ ಎಂದರೆ ಕೂಟದವರು ಏನು ತಿಳಿದುಕೊಂಡಾರು? ಪ್ರಾರ್ಥನೆ ಮುಗಿದು ಚಹಾ ಬಂದ ಕೂಡಲೇ ಬ್ಯಾಂಕಿನ ಅಕ್ಕ ನನ್ನನ್ನು ಬಾಲ್ಕನಿಗೆ ಕರೆದರು.

"ಹುಡುಗಿ ಯಾರಪ್ಪ? ಗುಜರಾತಿಯವಳಾ?"

"ಯಾವ ಹುಡುಗಿ ಅಕ್ಕಾ?"

"ನೋಡು, ನಾನೇನೂ ಬೈಯಲ್ಲ. ವಿಶ್ವಾಸಿಯಾ ಅಲ್ವಾ, ಅಷ್ಟು ಹೇಳಿಬಿಡು."

ಹುಡುಗಿ ಇಲ್ಲ ಎಂದು ಆಣೆ ಮಾಡಿದ ಮೇಲೆ, ಹಾಗಾದರೆ ನನಗೆ ಮದುವೆಯ ಆಸೆಯಾಗಿದೆ, ಹೇಳಲು ನಾಚಿಕೆ ಎಂದು ತೀರ್ಮಾನವಾಯಿತು. ಮುಂದಿನ ಭಾನುವಾರ ಮೂರು ಫೋಟೊ ಬಂದವು. ಎಲ್ಲರೂ ನಗುತ್ತಿದ್ದರು. ಕಾಕಾ ಮಾತ್ರ ನಗದೆ ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದರು.

ಮರುದಿನ ಅವರು ಕಾರ್ಖಾನೆಯ ಗೇಟಿನ ಹತ್ತಿರ ಬಂದು ನಿಂತಿದ್ದರು. ಇಬ್ಬರೂ ನಡೆದೆವು. ನಾನು ಸೈಕಲ್ ತಳ್ಳುತ್ತಿದ್ದೆ.

"ನಿನ್ನ ವಿನಂತಿ ಏನಂತ ನನಗ ಗೊತ್ತೈತಿ," ಎಂದರು. "ಮಗಳಿಗೆ ಈ-ಮೇಲ್ ಕಳಿಸ್ಬೇಕಂತ ಹೋದ ತಿಂಗಳು ಆ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ನೀ ಹೊರಗ ಬಂದಿ. ನನ್ನ ಮೈಗೆ ಮೈ ಹತ್ತಿಸಿಕೊಂಡು ಹೋದಿ, ನನ್ನ ನೋಡ್ಲಿಲ್ಲ. ಆ ಮುಖ ನನಗ ಗುರುತೈತಿ. ಇಪ್ಪತ್ತು ವರ್ಷ ಅದನ್ನ ನಾ ಕನ್ನಡ್ಯಾಗ ನೋಡೇನಿ."

ಆಮೇಲೆ ತಮ್ಮ ಕತೆ ಹೇಳಿದರು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಗಾರ್ಡ್ ಒಬ್ಬನೇ. ಅವನ ಜೊತೆಗಿರುವುದು ಒಂದು ಕಬ್ಬಿಣದ ಪೆಟ್ಟಿಗೆ. ಬಾವುಟಗಳು, ಕೈದೀಪ, ನಿಯಮಗಳ ಪುಸ್ತಕ, ಬುತ್ತಿ, ಎಲ್ಲ ಅದರಲ್ಲಿ. ಕಾಕಾರ ಪೆಟ್ಟಿಗೆಯಲ್ಲಿ ಮೇಲೆ ಸತ್ಯವೇದ ಇರುತ್ತಿತ್ತು, ತಳದಲ್ಲಿ ಹೊಲಸು ಪುಸ್ತಕಗಳು. ಒಂದು ದಿನ ಬುತ್ತಿ ಇಡಲು ಹೋದ ಕಾಕು ಅವನ್ನು ಕಂಡರು. ಕೂಗಾಡಲಿಲ್ಲ. ಸತ್ಯವೇದವನ್ನು ಮಾತ್ರ ಹೊರಗೆ ತೆಗೆದಿಟ್ಟುಕೊಂಡರು. "ಎರಡೂ ಒಂದ ಪೆಟಿಗ್ಯಾಗ ಬ್ಯಾಡ. ಯಾವುದು ಬೇಕು ನೀವ ಹೇಳ್ರಿ," ಎಂದರಂತೆ.

"ಏನು ಹೇಳಿದ್ರಿ?"

"ಪೆಟಿಗಿ ಹೊತ್ಕೊಂಡು ಡ್ಯೂಟಿಗೆ ಹೋದೆ. ಮೂರು ತಿಂಗಳು ಸತ್ಯವೇದ ಇಲ್ದ ಗಾಡಿ ಹತ್ತಿದೆ. ಆಕಿ ಮೂರು ತಿಂಗಳೂ ಬುತ್ತಿ ಕಟ್ಟಿ ಕೊಟ್ಲು. ಅದ ನನ್ನ ಮುರೀತು."

ನಾನು ನನ್ನ ಹೊಸವರ್ಷದ ಪ್ರತಿಜ್ಞೆಗಳ ಬಗ್ಗೆ ಹೇಳಿದೆ. ಅವರು ರಸ್ತೆಯಲ್ಲೇ ನಿಂತರು.

"ಜೀವಮಾನಕ್ಕಾ? ನೀ ಯಾವ ಶಾಣ್ಯಾ? ಗಾಡಿ ವಡೋದರಾ ಬಿಡುವಾಗ ಸೂರತ್ ತನಕ ಲೈನ್ ಕ್ಲಿಯರ್ ಕೊಡ್ತಾರೇನು? ವಿಶ್ವಾಮಿತ್ರಿ ತನಕ ಕೊಡ್ತಾರ. ಅಲ್ಲಿ ಹೋಗಿ ಮಕರ್‌ಪುರಾಕ್ಕ ಕೇಳಬೇಕು. ಅಲ್ಲಿಂದ ವರ್ಣಾಮಾ, ಅಲ್ಲಿಂದ ಇಟೋಲಾ. ಮುಂದಿನವ ಹೂಂ ಅನ್ನೂತನಾ ಗಾಡಿ ಹಂದಬಾರದು. ಹಂಗ ಕೇಳ್ಕೊಂತ ಕೇಳ್ಕೊಂತ ನಾ ಸಾವಿರ ಸಲ ಸೂರತ್ ಮುಟ್ಟೇನಿ. ದೇವರ ಹತ್ರನೂ ಹಂಗ. ಇವತ್ತಿಂದು ಇವತ್ತ ಕೇಳು. ಕೊಡ್ತಾನ."

ಮರುದಿನದಿಂದ ಶುರುವಾಯಿತು. ಬೆಳಿಗ್ಗೆ ಆರೂವರೆಗೆ ಗೇಟಿನ ಹತ್ತಿರ ನಿಲ್ಲುವುದು, ನಿಜ ಹೇಳುವುದು, ಪ್ರಾರ್ಥನೆ, ಕೆಲಸಕ್ಕೆ ಹೋಗುವುದು. ಎರಡು ನಿಮಿಷದ ಕೆಲಸ. ಬಿದ್ದೆ ಎಂದರೆ "ಬಿದ್ದವ ಗೇಟಿನ ತನಕ ಬಂದೀಯಲ್ಲ" ಎನ್ನುವರು. ಹತ್ತು ದಿನವಾಯಿತು ಕಾಕಾ ಎಂದು ಹೆಮ್ಮೆಯಿಂದ ಹೇಳಿದರೆ ಅವರಿಗೆ ಸರಿಬರುತ್ತಿರಲಿಲ್ಲ. "ದಿನ ಎಣಿಸಬ್ಯಾಡ. ಎಣಿಸಿದಿ ಅಂದ್ರ ಅವು ನಿನ್ನವಾಗ್ತಾವ. ಅವು ನಿನ್ನವಲ್ಲ, ದೇವರು ಕೊಟ್ಟವು."

ಕೆಲಸ ಬಿಟ್ಟ ಮೇಲೆ ಆರರಿಂದ ಏಳರವರೆಗಿನ ಹೊತ್ತು ನನಗೆ ಕೆಟ್ಟದ್ದು ಎಂದು ಅವರಿಗೆ ತಿಳಿದಾಗ, ಆ ಹೊತ್ತಿಗೊಂದು ಕೆಲಸ ಹಚ್ಚಿದರು. ಡೇರಿಯಿಂದ ಓಣಿಯ ನಾಲ್ಕು ಮನೆಗೆ ಹಾಲಿನ ಚೀಲ ತಂದುಕೊಡುವುದು. ಎದುರುಮನೆಯ ಗುಜರಾತಿ ಹೆಂಗಸೊಬ್ಬರು ಬಾಗಿಲಿನಿಂದಲೇ ಕೂಗಿದರು, "ಕಾಕಾ, ನವೋ ದೂಧವಾಳೋ ರಾಖ್ಯೋ?" ಹೊಸ ಹಾಲಿನವನನ್ನು ಇಟ್ಟುಕೊಂಡಿರಾ ಎಂದು. ಕಾಕಾ ಗುಜರಾತಿಯಲ್ಲೇ ಏನೋ ಹೇಳಿದರು, ಇಬ್ಬರೂ ನಕ್ಕರು. ಏನೆಂದಿರಿ ಎಂದು ಕೇಳಿದೆ. "ಡಿಪ್ಲೊಮಾ ಮಾಡಿದ ಹಾಲಿನವ, ತುಟ್ಟಿ ಬೀಳ್ತಾನ ಅಂದೆ."

ಒಂದು ವರ್ಷ ಹೀಗೆ ನಡೆಯಿತು. ಮೊದಲು ವಾರಕ್ಕೊಮ್ಮೆ ಬೀಳುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಇಡೀ ಮಳೆಗಾಲದಲ್ಲಿ ಎರಡೇ ಸಲ. ಬ್ಯಾಂಕಿನ ಅಕ್ಕ ಮಾತ್ರ ಫೋಟೊಗಳನ್ನು ಬಿಟ್ಟಿರಲಿಲ್ಲ. ಮೂರರಲ್ಲಿ ಒಬ್ಬಳು ಬೆಟಗೇರಿಯವಳು, ಸೂರತ್ತಿನ ಹತ್ತಿರ ಸಚಿನ್ ಎಂಬ ಊರಿನಲ್ಲಿ ಕಾರ್ಖಾನೆಯೊಂದರ ದವಾಖಾನೆಯಲ್ಲಿ ನರ್ಸ್. ಎರಡೂ ಮನೆಯವರು ಒಪ್ಪಿದರು. ಕಾಕಾ ಒಂದೇ ಮಾತು ಹೇಳಿದರು. "ಆಕಿಗೆ ಮೊದಲು ಹೇಳು. ಕಾಕು ಪೆಟಿಗಿ ತೆಗೆದು ನೋಡಿದಂಗ ಆಕಿ ನೋಡಬಾರದು."

ದೀಪಾವಳಿ ಕಳೆದ ಮೇಲೆ ಅವರೇ ನನ್ನನ್ನು ಪ್ಯಾಸೆಂಜರ್ ಗಾಡಿಯಲ್ಲಿ ಸೂರತ್ತಿಗೆ ಕರೆದುಕೊಂಡು ಹೋದರು. ಅವಳು ಸ್ಟೇಷನ್ನಿಗೆ ಬಂದಳು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ನಾವಿಬ್ಬರು, ಮೂರು ಬೆಂಚು ಆಚೆ ಕಾಕಾ. ತಾವು ಬಾಯಿಪಾಠ ಬಲ್ಲ ವೇಳಾಪಟ್ಟಿಯನ್ನು ಮುಖಕ್ಕೆ ಹಿಡಿದು ಓದುತ್ತ ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಒಂದು ಗಾಡಿ ಬಂದು ನಿಂತು ಹೊರಟುಹೋಯಿತು.

"ಹೋದ ಸಲ ಯಾವಾಗ?" ಎಂದು ಕೇಳಿದಳು, ಜ್ವರ ಯಾವಾಗ ಬಂತು ಎಂದು ಕೇಳುವ ಹಾಗೆ.

"ನವರಾತ್ರಿಗಿಂತ ಮೊದಲ. ದಿನ ಎಣಿಸಬ್ಯಾಡ ಅಂದಾರ ಕಾಕಾ."

"ರೋಗಿ ಎಣಿಸದಿದ್ರ ನರ್ಸ್ ಎಣಿಸಬೇಕಾಗ್ತದ." ಅವಳು ನಗಲಿಲ್ಲ. "ಮತ್ತ ಆದ್ರ ನನಗ ಹೇಳ್ತೀರಿ?"

"ಹೇಳ್ತೀನಿ."

"ಬ್ಯಾರೆಯವರಿಂದ ಗೊತ್ತಾದ್ರ ನಾ ಇರೂದಿಲ್ರಿ. ನೀವ ಹೇಳಿದ್ರ ನೋಡೂಣು."

ಮದುವೆ ಜನವರಿ ಕೊನೆಗೆ ಎಂದು ನಿಶ್ಚಯವಾಯಿತು. ಕಾಕಾ ತಮ್ಮ ಹಳೆಯ ಕರಿಯ ಕೋಟನ್ನು ದರ್ಜಿಗೆ ಕೊಟ್ಟು ಹೊಟ್ಟೆಯ ಹತ್ತಿರ ಹೊಲಿಗೆ ಬಿಡಿಸಿಕೊಂಡರು. ನನ್ನ ತಂದೆ ತೀರಿಹೋಗಿದ್ದರು. ಮದುವೆಯಲ್ಲಿ ಅವರ ಜಾಗದಲ್ಲಿ ತಾವು ನಿಲ್ಲುವುದಾಗಿ ಹೇಳಿದ್ದರು.

ಇದೆಲ್ಲ ಆದ ಮೇಲೆ ಆ ಮಂಗಳವಾರ ಬಂತು. ಕಾರಣ ಹುಡುಕಿದರೆ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಬೈಸಿಕೊಂಡಿದ್ದೆ, ಡೇರಿಗೆ ರಜೆ ಇತ್ತು, ಇವೆಲ್ಲ ನೆಪಗಳು. ಆ ಬೆಳಿಗ್ಗೆ ಕಾಕಾ ಪ್ರಾರ್ಥಿಸುವಾಗ ನಾನು ಮನಸ್ಸಿನಲ್ಲಿ ಏನನ್ನೂ ಕೇಳಿರಲಿಲ್ಲ. ಇನ್ನು ಕೇಳಬೇಕಾಗಿಲ್ಲ, ದಾಟಿದೆ ಎಂದುಕೊಂಡಿದ್ದೆ. ಮರುದಿನ ಗೇಟಿನ ಹತ್ತಿರ ನಿಜ ಹೇಳಿದ್ದರೆ ಕಾಕಾ "ಸೂರತ್ತಿಗೆ ಫೋನ್ ಮಾಡು" ಎನ್ನುತ್ತಿದ್ದರು. ಫೋನ್ ಮಾಡಿದರೆ ಮದುವೆ ನಿಲ್ಲಬಹುದಿತ್ತು. ಅದಕ್ಕೇ ಚಲೋ ಐತಿ ಎಂದೆ.

ರೈಲ್ವೆ ಆಸ್ಪತ್ರೆಯಲ್ಲಿ ಅವರು ಎರಡು ವಾರ ಇದ್ದರು. ನಾನು ದಿನವೂ ಹೋದೆ. ಆದರೆ ಅಲ್ಲಿ ಯಾವಾಗಲೂ ಯಾರಾದರೂ ಇರುತ್ತಿದ್ದರು, ಇಲ್ಲದಾಗ ನನಗೆ ಧೈರ್ಯ ಇರಲಿಲ್ಲ. ಆಮೇಲೆ ಅವರ ಮಗಳು ಬಂದು ಕಾಕಾ ಕಾಕು ಇಬ್ಬರನ್ನೂ ಅಹಮದಾಬಾದಿನ ಬೋಪಾಲ್ ಎಂಬ ಬಡಾವಣೆಯ ತನ್ನ ಫ್ಲ್ಯಾಟಿಗೆ ಕರೆದೊಯ್ದಳು. ಮಂಜಲ್‌ಪುರದ ಮನೆಗೆ ಬೀಗ ಬಿತ್ತು. ಮೊದಲ ಕೆಲವು ದಿನ ನಾನು ಬೇರೆ ರಸ್ತೆಯಿಂದ ಕೆಲಸಕ್ಕೆ ಹೋದೆ.

ನನ್ನ ಸುಳ್ಳು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವಂತೆಯೂ ಇರಲಿಲ್ಲ. ಕೇಳಬೇಕಾದವರ ಬಾಯಿ ನಿಂತಿತ್ತು. ಇನ್ನೊಂದು ತಿಂಗಳು ಸುಮ್ಮನಿದ್ದರೆ ಮದುವೆ ಆಗಿಬಿಡುತ್ತಿತ್ತು, ಕಾಕಾರನ್ನು ಗಾಲಿ ಕುರ್ಚಿಯಲ್ಲಿ ಕರೆದುಕೊಂಡು ಬರುವುದೆಂದೂ ಮಾತಾಗಿತ್ತು. ಹೊಸವರ್ಷದ ಆರಾಧನೆಯಲ್ಲಿ ಈ ಸಲ ನಾನು ಯಾವ ಮಾತನ್ನೂ ಕೊಡಲಿಲ್ಲ. ಇವತ್ತು ನಿಜ ಹೇಳುವಷ್ಟು ಶಕ್ತಿ ಕೊಡು ಎಂದಷ್ಟೇ ಕೇಳಿದೆ. ಮಧ್ಯಾಹ್ನದ ಬಸ್ಸಿಗೆ ಅಹಮದಾಬಾದಿಗೆ ಹೋದೆ.

ಬೋಪಾಲ್‌ನಲ್ಲಿ ಆರನೆಯ ಮಹಡಿ. ಕಾಕಾ ಕಿಟಕಿಯ ಹತ್ತಿರ ದಿಂಬಿಗೆ ಒರಗಿ ಕೂತಿದ್ದರು. ಅಲ್ಲಿ ತೂಗುಮಣೆಗೆ ಜಾಗ ಇರಲಿಲ್ಲ. ಬಲಗೈ ಮಡಿಲಲ್ಲಿ ಬೇರೆ ಯಾರದೋ ಕೈ ಇಟ್ಟ ಹಾಗಿತ್ತು. ಕನ್ನಡ ಸರಿಯಾಗಿ ಬಾರದ ಮೊಮ್ಮಗಳು ಗುಜರಾತಿಯಲ್ಲಿ ಏನೋ ಹೇಳುತ್ತ ಅವರ ಬಾಯಿ ಒರೆಸಿ ಹೋದಳು. ಕಾಕು ಚಹಾಕ್ಕೆ ಎದ್ದಾಗ ನಾನು ಮಂಚದ ಪಕ್ಕ ಕೂತು ಹೇಳಿದೆ.

"ಕಾಕಾ, ಆವತ್ತ ಬುಧವಾರ ನೀವು ಕೇಳಿದ್ರಿ. ಚಲೋ ಐತಿ ಅಂದೆ. ಚಲೋ ಇರ್ಲಿಲ್ರಿ. ಹಿಂದಿನ ದಿನ ಹೋಗಿದ್ದೆ. ಸುಳ್ಳು ಹೇಳಿದೆ."

ಅವರು ನನ್ನನ್ನೇ ನೋಡುತ್ತಿದ್ದರು. ಬಾಯಿ ಒಂದು ಕಡೆಗೆ ಎಳೆಯಿತು, ಏನೋ ಸದ್ದು ಬಂತು, ಅದು ಮಾತಾಗಲಿಲ್ಲ. ಎರಡೂ ಕಣ್ಣಲ್ಲಿ ನೀರು ಬಂದು ಕೆನ್ನೆಯ ಮೇಲೆ ಇಳಿಯಿತು. ನಾನು ಅವರ ಎಡಗೈ ಹಿಡಿದುಕೊಂಡೆ. ಆ ಕೈ ನನ್ನ ಕೈಯನ್ನು ಹಿಡಿಯಿತೋ, ಸುಮ್ಮನೆ ಅದಿರಿತೋ ತಿಳಿಯಲಿಲ್ಲ.

ಚಹಾ ತಂದ ಕಾಕು ಸೆರಗಿನಿಂದ ಅವರ ಕಣ್ಣೊರೆಸಿದರು. "ನೀ ಮನಸಿಗೆ ಹಚ್ಕೋಬ್ಯಾಡಪಾ. ಈ ಬ್ಯಾನಿ ಬಂದವರು ಸುಮ್ಮಸುಮ್ಮನ ಅಳ್ತಾರಂತ, ಡಾಕ್ಟರ್ ಹೇಳ್ಯಾರ. ನಿನ್ನೆ ಟಿ.ವಿ.ಯಾಗ ಕ್ರಿಕೆಟ್ ನೋಡ್ಕೊಂತ ಅತ್ರು."

ಕೆಳಗಿಳಿದು ಅಲ್ಲಿದ್ದ ಎಸ್.ಟಿ.ಡಿ. ಬೂತಿನಿಂದ ಸಚಿನ್‌ನಲ್ಲಿದ್ದ ಅವಳಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಮೂರು ವಾರದ ಮ್ಯಾಲೆ ಹೇಳಾಕತ್ತೀರಿ," ಎಂದಳು.

"ಹೌದ್ರಿ."

"ಕಾಕಾಗ ಮಾತು ಬಂತೇನು, ಅವರ ಹೇಳಂದ್ರೇನು?"

"ಇಲ್ರಿ, ಕಾಕಾಗ ಇನ್ನೂ ಮಾತಿಲ್ಲ."

"ಮದುವಿ ಜನವರಿಯಾಗ ಬ್ಯಾಡ. ಮುರೀರಿ ಅನ್ನಾಕತ್ತಿಲ್ಲ. ಮುಂದ ಹಾಕ್ರಿ. ನನಗ ವ್ಯಾಳ್ಯಾ ಬೇಕು."

ಮದುವೆಯನ್ನು ಮೇ ತಿಂಗಳಿಗೆ ಹಾಕಿದೆವು. ಹುಡುಗಿ ಕಡೆ ಏನಾದರೂ ತಕರಾರಾ ಎಂದು ಬ್ಯಾಂಕಿನ ಅಕ್ಕ ಕೇಳಿದರು. ತಕರಾರು ನನ್ನ ಕಡೆಯದು ಅಕ್ಕಾ ಎಂದೆ. ಅವರು ಇನ್ನೇನೂ ಕೇಳದೆ ನೋಟ್‌ಬುಕ್ಕು ತೆಗೆದು, "ಹಾಗಾದ್ರೆ ಹೇಳಲಾಗದ್ದು ಅಂತ ಬರ್ಕೊಳ್ಳಲಾ?" ಎಂದರು. ಆ ವರ್ಷವೆಲ್ಲ ನನಗಾಗಿ ಪ್ರಾರ್ಥಿಸಿದರು.

ಮಾರ್ಚಿನಲ್ಲಿ ಕಾಕಾಗೆ ಎರಡನೆಯ ಸಲ ಪಾರ್ಶ್ವವಾಯು ಬಡಿಯಿತು. ನಾನು ತಲುಪುವಷ್ಟರಲ್ಲಿ ಅವರನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿ ಆಗಿತ್ತು. ಕಾಕು ಮದುವೆಗೆಂದು ಸರಿಮಾಡಿಸಿದ್ದ ಕರಿಯ ಕೋಟನ್ನೇ ತೊಡಿಸಿದ್ದರು. ಅಹಮದಾಬಾದಿನ ಸಮಾಧಿಭೂಮಿಯಲ್ಲಿ ಪಾದ್ರಿಗಳು ಗುಜರಾತಿಯಲ್ಲಿ ಪ್ರಾರ್ಥಿಸಿದರು. ಕಾಕು ನನ್ನ ಕಡೆ ತಿರುಗಿ, "ಅವರಿಗೆ ಕನ್ನಡದಾಗೊಂದು ಮಾತು ಹೇಳು," ಎಂದರು. ನನಗೆ ಬಂದದ್ದು ಅವರದೇ ಪ್ರಾರ್ಥನೆ. ಅದನ್ನು ಹೇಳಲು ಹೋದೆ. ಇವತ್ತೊಂದು ದಿನ ಎನ್ನುವಲ್ಲಿ ನಿಂತುಬಿಟ್ಟೆ. ಅವರಿಗೆ ಇನ್ನು ಅದು ಬೇಕಾಗಿರಲಿಲ್ಲ.

ಮೇ ತಿಂಗಳಲ್ಲಿ ಮದುವೆಯಾಯಿತು. ನಾನು ಸುಮ್ಮನಿದ್ದಿದ್ದರೆ ಅದು ಜನವರಿಯಲ್ಲೇ ಆಗುತ್ತಿತ್ತು, ಕಾಕಾ ಅಲ್ಲಿ ಇರುತ್ತಿದ್ದರು, ನನ್ನ ಸುಳ್ಳಿನ ಪಕ್ಕದಲ್ಲಿ, ಗಾಲಿ ಕುರ್ಚಿಯಲ್ಲಿ. ಹೇಳಿದ್ದಕ್ಕೆ ಇರಲಿಲ್ಲ. ಈ ಲೆಕ್ಕವನ್ನು ನಾನು ಎಷ್ಟೋ ಸಲ ಹಿಂದುಮುಂದಾಗಿ ಮಾಡಿ ನೋಡಿದ್ದೇನೆ. ಹೇಳಿದ್ದು ತಪ್ಪಾಯಿತು ಎಂದು ಒಮ್ಮೆಯೂ ಅನ್ನಿಸಿಲ್ಲ, ದುಃಖ ಕಡಿಮೆಯಾಗಿಯೂ ಇಲ್ಲ.

ಚಾಳಿ ಪೂರ್ತಿ ಸತ್ತಿದೆ ಎಂದು ನಾನು ಎಲ್ಲಿಯೂ ಹೇಳುವುದಿಲ್ಲ. ಅದು ನನ್ನನ್ನು ಆಳುವುದು ನಿಂತು ವರ್ಷಗಳಾದವು, ಆದರೂ ದಿನ ಬೆಳಗಾದರೆ ಕೇಳುತ್ತೇನೆ. ಎಷ್ಟು ದಿನಗಳನ್ನು ದೇವರು ಕೊಟ್ಟಿದ್ದಾನೆ ಎಂದು ನನಗೆ ಗೊತ್ತಿಲ್ಲ. ಹೆಂಡತಿಗೆ ಗೊತ್ತಿರಬಹುದು.

ಆ ಬುಧವಾರದ ಸುಳ್ಳನ್ನು ದೇವರು ಕ್ಷಮಿಸಿದ್ದಾನೆ, ಅದರಲ್ಲಿ ನನಗೆ ಸಂದೇಹವಿಲ್ಲ. ಹೆಂಡತಿಯೂ ಕ್ಷಮಿಸಿದಳು, ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಿದಳು. ಕಾಕಾ ಏನನ್ನೂ ಹೇಳಲಿಲ್ಲ.